ಮೀಟರ್ ನಿಂತಿದ್ದ ಎರಡು ವರ್ಷ

ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ ಮೊದಲು,
ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.
ತಣ್ಣಗಿತ್ತು.
ಬೆಚ್ಚಗಿದ್ದರೇ ಅನುಮಾನ ಪಡಬೇಕು,
ರಾಣೆಬೆನ್ನೂರಿನ ಪಂಪ್ ಮೇಸ್ತ್ರಿ ಗೌಸಕಾಕಾ ಹೇಳುತ್ತಿದ್ದ:
"ಮಾರಾಂವ ಮೊದಲ ಓಡಿಸಿ ಇಟ್ಟಾನಂದ್ರ
ಮುಂಜಾನಿ ಕೆಮ್ಮು ಮುಚ್ಚಿಟ್ಟಾನಂತ ತಿಳಿ."

ಮಿಲ್ಡುರಾದಿಂದ ಆಚೆ ನಲವತ್ತು ಕಿಲೋಮೀಟರ್,
ಕೆಂಪು ಮಣ್ಣು, ತಗಡಿನ ಶೆಡ್ಡು,
ಮೇ ತಿಂಗಳ ಚಳಿಗೆ ಮಾತಿನ ಜೊತೆ ಹೊಗೆ.
ಕ್ಲೈವ್ ಡೆನ್‌ಹೋಮ್ ಕೈಕುಲುಕಲಿಲ್ಲ,
ಬೆರಳ ತುಂಬ ಗ್ರೀಸು, ಮೊಣಕೈ ಚಾಚಿದ.
ಹಿಂದಿನ ತೊಟ್ಟಿಯಲ್ಲಿ ಕೂತ ನಾಯಿ ಇಳಿಯಲಿಲ್ಲ.
"ನಾಯಿ ರೇಟಿನಲ್ಲಿ ಸೇರಿಲ್ಲ" ಅಂದ.

ನಾನು ಹೋಗಿದ್ದು ಜಗಳಕ್ಕೆ ಹೋದ ಹಾಗೆ:
ಟಾರ್ಚು, ಬಿಳಿ ಬಟ್ಟೆಯ ಚೂರು, ಒಂದು ಮ್ಯಾಗ್ನೆಟ್ಟು,
ಬಣ್ಣದಡಿ ಪುಟ್ಟಿ ಮೆತ್ತಿದ್ದರೆ ಅದು ಅಂಟುವುದಿಲ್ಲ.
ಗಾಡಿಯ ಕೆಳಗೆ ಬೆನ್ನ ಮೇಲೆ ಜಾರಿದೆ.
ಎಣ್ಣೆಯ ಮುಚ್ಚಳ ತಿರುವಿ ಹಾಲಿನ ಕೆನೆ ಹುಡುಕಿದೆ,
ಇರಲಿಲ್ಲ.
ಕೀಲಿ ತಿರುಗಿಸಿ
ಹಳದಿ ದೀಪ ಆರುವತನಕ ಉಸಿರು ಹಿಡಿದೆ.
ಎರಡು ಸಲ ಗೊಣಗಿ ಮೂರನೆಯದಕ್ಕೆ ಹತ್ತಿತು.
ಕಪ್ಪು ಬಿಟ್ಟರೆ ಹೊಟ್ಟೆಬಾಕ, ನೀಲಿ ಬಿಟ್ಟರೆ ಎಣ್ಣೆಕುಡುಕ.
ಇದು ಬಿಳಿ ಬಿಟ್ಟಿತು, ಆಮೇಲೆ ಬೂದಿ,
ಆಮೇಲೆ ಏನೂ ಇಲ್ಲ.

ನಾಲ್ಕು ಲಕ್ಷದ ಹನ್ನೆರಡು ಸಾವಿರ ಕಿಲೋಮೀಟರ್.

ಮೋಸ ಹಿಡಿಯಲು ಬಂದವಳ ಕೈಗೆ
ಅವನೊಂದು ನೋಟ್‌ಬುಕ್ ಕೊಟ್ಟ.
ಪೆನ್ಸಿಲ್ಲಿನ ಅಕ್ಷರ, ಡೀಸೆಲ್ಲಿನ ವಾಸನೆ:
ಮೂರನೇ ಇಂಜೆಕ್ಟರ್ ಬದಲು. ಮಳೆ, ಎಂಟು ಮಿಲಿಮೀಟರ್.
ಕ್ಲಚ್ ಪ್ಲೇಟು. ಶನಿವಾರದ ಮ್ಯಾಚು ಸೋತೆವು.
ಕಾಂಗರೂ, ಎಡಗಡೆ ದೀಪ. ಅದರ ತಪ್ಪಲ್ಲ.
ಕೇಳುವ ಮೊದಲೇ ಹೇಳಿದ:
ಎರಡನೇ ಗೇರು ಚಳಿಯಲ್ಲಿ ಹಠ ಮಾಡುತ್ತೆ,
ಆಚೆ ಕಿಟಕಿಯ ಗಾಜು ಮೇಲೇರಲು ಕೈ ಆಸರೆ ಬೇಕು.
ಆಮೇಲೆ ಗಡ್ಡ ಕೆರೆದುಕೊಂಡು,
"ಮೀಟರ್ ಎರಡು ವರ್ಷ ನಿಂತಿತ್ತು.
ತೋರಿಸ್ತಿರೋದು ಇಷ್ಟು. ನಿಜ ಎಷ್ಟೋ ನನಗೂ ಗೊತ್ತಿಲ್ಲ."

ಬೆಲೆ ಮುರಿಯಲು ಇದಕ್ಕಿಂತ ಒಳ್ಳೆ ಮಾತು ಸಿಗುತ್ತಿರಲಿಲ್ಲ.
ಆದರೆ ನನಗೆ ನಗು ಬಂತು.
ನನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನ ಜೂನ್ ಒಂದು.
ನಮ್ಮ ಕ್ಲಾಸಿನ ಮೂವತ್ತೊಂದು ಮಕ್ಕಳು ಹುಟ್ಟಿದ್ದೂ ಜೂನ್ ಒಂದೇ;
ಮಾಸ್ತರು ನನ್ನ ಬಲಗೈಯನ್ನು ತಲೆ ಮೇಲಿಂದ ಹಾಯಿಸಿ
ಎಡಗಿವಿ ಮುಟ್ಟಿತೇ ನೋಡಿ ಬರೆದ ತಾರೀಖು.
ಅವ್ವನಿಗೆ ನೆನಪಿದ್ದದ್ದು
ಶೇಂಗಾ ಕೀಳುವ ಕಾಲ, ಯಾವುದೋ ಸೋಮವಾರ.
ಆ ಅಂದಾಜಿನ ಮೇಲೆಯೇ ನಿಂತಿವೆ
ಲೈಸೆನ್ಸು, ವೀಸಾ, ಬದನೆ ತೋಟದ ಗುತ್ತಿಗೆ ಪತ್ರ.

ಇದನ್ನು ಅವನಿಗೆ ಹೇಳಲು ಹೋದೆ.
ಇಂಗ್ಲಿಷಿನಲ್ಲಿ ಕಿವಿ ಮುಟ್ಟುವ ಭಾಗ ಸರಿಬರಲಿಲ್ಲ,
ಮಾಡಿಯೇ ತೋರಿಸಿದೆ.
ಅವನೂ ಗ್ರೀಸಿನ ಕೈ ತಲೆ ಮೇಲಿಂದ ದಾಟಿಸಿ
ತನ್ನ ಕಿವಿ ಹುಡುಕಿದ.
ಕಿವಿ ಕಪ್ಪಾಯಿತು.
"ಹಾಗಾದರೆ ನನ್ನನ್ನೂ ಶಾಲೆಗೆ ಸೇರಿಸಿಕೊಳ್ಳಬಹುದು."

ಕೇಳಿದ್ದು ಹನ್ನೊಂದೂವರೆ ಸಾವಿರ ಡಾಲರು.
ಒಂಬತ್ತು ಅಂದೆ.
ದನದ ಸಂತೆಯಾಗಿದ್ದರೆ ಟವೆಲಿನ ಕೆಳಗೆ
ಬೆರಳು ಬೆರಳು ಮಾತಾಡಿಕೊಳ್ಳುತ್ತಿದ್ದವು.
ಇಲ್ಲಿ ಅವನು ದೂರದ ಬೇಲಿ ನೋಡಿದ,
ನಾನು ಟೈರು ನೋಡಿದೆ.
ಹತ್ತಕ್ಕೆ ಮುಗಿಯಿತು.
ನಾಯಿಯನ್ನು ಎತ್ತಿಯೇ ಇಳಿಸಬೇಕಾಯಿತು.

ಗುರುವಾರ ರಾತ್ರಿ, ಹಂಗಾಮಿನ ಕೊನೆಯ ಬದನೆ,
ಅರವತ್ತು ಕ್ರೇಟು,
ಮೆಲ್ಬೋರ್ನ್ ಮಾರ್ಕೆಟ್ಟಿಗೆ ಐದೂವರೆ ನೂರು ಕಿಲೋಮೀಟರ್.
ಡೀಸೆಲ್ ಹಾಕಿಸುವಾಗ ನೋಟ್‌ಬುಕ್ ತೆಗೆದೆ.
ಅವನ ಕೊನೆಯ ಸಾಲು:
ಮಾರಿದೆ. ಗಿಡ್ಡ ಹೆಂಗಸು, ಮ್ಯಾಗ್ನೆಟ್ ತಂದಿದ್ದಳು.
ಅದರ ಕೆಳಗೆ, ಬಂಕಿನ ಟ್ಯೂಬ್‌ಲೈಟಿನಲ್ಲಿ,
ಕನ್ನಡ ಅಂಕಿಯಲ್ಲಿ ಬರೆದೆ:
೪,೧೨,೩೮೬, ಅಂದಾಜು.
ಎರಡನೇ ಗೇರು ಹಠ.
ಕ್ರೇಟಿನ ಮೇಲೆ ನಾಯಿಕೂದಲು.
ಮಳೆ ಇಲ್ಲ.